ಕ್ಯಾಮರಾ ಹಿಡಿದವನೇ ಆರೋಪಿಯಾದಾಗ

2012ರ ಜುಲೈ 28. ಮಂಗಳೂರಿನ ಪಡೀಲ್‌ನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆದಿತ್ತು. ಗುಂಪೊಂದು ನುಗ್ಗಿ ಹುಡುಗ ಹುಡುಗಿಯರನ್ನು ಅಟ್ಟಾಡಿಸಿ ಹೊಡೆಯಿತು. ಆ ದೃಶ್ಯ ಇಡೀ ದೇಶ ನೋಡಿತು. ನೋಡಿದ್ದು ಹೇಗೆ? ಅಲ್ಲೊಂದು ಟಿವಿ ಕ್ಯಾಮರಾ ಇತ್ತು, ಅದಕ್ಕೆ.

ಕಸ್ತೂರಿ ವಾಹಿನಿಯ ವರದಿಗಾರ ನವೀನ್ ಸೂರಿಂಜೆ ಮಾಡಿದ ವರದಿ ಅದು. ದಾಳಿ ಮಾಡಿದವರ ಮುಖ ಗುರುತಿಸೋಕೆ ಪೊಲೀಸರಿಗೂ ಅದೇ ದೃಶ್ಯ ಬೇಕಾಯ್ತು. ಆಮೇಲೆ ಏನಾಯ್ತು ಗೊತ್ತಾ? ದಾಳಿಕೋರರ ಜೊತೆ ಸೂರಿಂಜೆಯವರನ್ನೂ ಆರೋಪಿ ಮಾಡಿದರು! ನವೆಂಬರ್ 7ರಂದು ಬಂಧಿಸಿದರು. ಪೊಲೀಸರಿಗೆ ಯಾಕೆ ತಿಳಿಸಲಿಲ್ಲ ಅನ್ನೋದು ಆಕ್ಷೇಪ. ಫೋನ್ ಮಾಡಿದ್ದೆ, ಎತ್ತಲಿಲ್ಲ ಅನ್ನೋದು ಅವರ ಉತ್ತರ.

2013ರ ಜನವರಿ ಕೊನೆಗೆ ಕೇಸು ಹಿಂಪಡೆಯಲು ಸಚಿವ ಸಂಪುಟವೇ ತೀರ್ಮಾನಿಸಿತು. ಆದರೂ ಜೈಲಿನ ಬಾಗಿಲು ತೆರೆಯಲಿಲ್ಲ. ಹೈಕೋರ್ಟ್ ಜಾಮೀನು ಸಿಕ್ಕಿದ್ದು ಮಾರ್ಚ್‌ನಲ್ಲಿ. ನಾಲ್ಕು ತಿಂಗಳಿಗೂ ಹೆಚ್ಚು ಸೆರೆವಾಸ. ಇನ್ನು ಮೂಲ ಪ್ರಕರಣ? 2024ರ ಆಗಸ್ಟ್‌ನಲ್ಲಿ ಮಂಗಳೂರಿನ ಕೋರ್ಟು ಆರೋಪಿಗಳನ್ನು ಖುಲಾಸೆ ಮಾಡಿತು. ಇಡೀ ದೇಶ ಕಣ್ಣಾರೆ ಕಂಡ ಘಟನೆಯ ಕಥೆ ಇದು!

ಹುಡುಗಿಯರ ಮುಖವನ್ನು ಹಾಗೇ ತೋರಿಸಬಹುದಿತ್ತಾ ಅಂತ ಆಗ ಕೇಳಿದವರಿದ್ದರು. ಆ ಪ್ರಶ್ನೆ ನ್ಯಾಯವಾದದ್ದೇ, ನಮ್ಮಂಥ ವಾಹಿನಿಯವರು ಉತ್ತರ ಕೊಡಲೇಬೇಕು. ಆದರೆ ಪ್ರಸಾರದ ತಪ್ಪು ಬೇರೆ, ಚಿತ್ರೀಕರಣವನ್ನೇ ಅಪರಾಧ ಮಾಡೋದು ಬೇರೆ.

ಮತ್ತೆ ಅದೇ ಮಂಗಳೂರು. 2019ರ ಡಿಸೆಂಬರ್ 19ರ ಗೋಲಿಬಾರ್‌ನಲ್ಲಿ ಇಬ್ಬರು ಸತ್ತರು. ಮರುದಿನ ವೆನ್‌ಲಾಕ್ ಆಸ್ಪತ್ರೆಯ ಬಳಿ ವರದಿ ಮಾಡ್ತಿದ್ದ ಕೇರಳದ ಪತ್ರಕರ್ತರನ್ನು ಪೊಲೀಸರು ಹಿಡಿದರು, ಗಂಟೆಗಟ್ಟಲೆ ಕೂರಿಸಿದರು, ಕೊನೆಗೆ ತಲಪಾಡಿ ಗಡಿಗೆ ತಂದುಬಿಟ್ಟರು. ಮಾನ್ಯತಾ ಪತ್ರ ಇರಲಿಲ್ಲ ಅನ್ನೋದು ಕೊಟ್ಟ ಕಾರಣ.

ಹಾಗಾದ್ರೆ ಕಾನೂನು ಏನು ಹೇಳುತ್ತೆ? ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯೋಕೆ ಮಾನ್ಯತಾ ಪತ್ರ ಬೇಕು ಅನ್ನೋ ಸಾಮಾನ್ಯ ನಿಯಮ ನಮ್ಮಲ್ಲಿ ಇಲ್ಲ. ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯ ಪತ್ರಕರ್ತರಿಗೆ ಮಾತ್ರ ಕೊಟ್ಟ ಉಂಬಳಿಯಲ್ಲ. ಹಾಗಂತ ಎಲ್ಲಿ ಬೇಕಾದರೂ ಕ್ಯಾಮರಾ ಎತ್ತುವಂತೆಯೂ ಇಲ್ಲ. ಉತ್ತರ ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತು. ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ ನಮ್ಮ ಜಿಲ್ಲೆಯಲ್ಲೇ ಇವೆ. ಅಂಥ ನಿಷೇಧಿತ ಜಾಗಗಳಿಗೆ ಬ್ರಿಟಿಷರ ಕಾಲದ, 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ. ಆದರೆ ಪೊಲೀಸ್ ಠಾಣೆ ಆ ಪಟ್ಟಿಗೆ ಬರೋದಿಲ್ಲ ಅಂತ 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಸ್ಪಷ್ಟವಾಗಿ ಹೇಳಿದೆ. ಠಾಣೆಯೇ ಗುಟ್ಟಿನ ಜಾಗ ಅಲ್ಲ ಅಂದ ಮೇಲೆ ಠಾಣೆ ಎದುರಿನ ರಸ್ತೆ ಹೇಗಾದೀತು?

ಈಗ ಶಿರಸಿ ಸೀಮೆಗೆ ಬನ್ನಿ. ಹುಲಗೋಳದಂಥ ಹಳ್ಳಿಗೆ ವಾಹಿನಿಯ ಕ್ಯಾಮರಾ ಬರೋದು ಅಪರೂಪ. ಅಲ್ಲಿ ಏನಾದರೂ ಆದರೆ ಅಡಿಕೆ ತೋಟದಿಂದ ಎದ್ದು ಬಂದವನ ಜೇಬಿನ ಮೊಬೈಲೇ ಸಾಕ್ಷಿ. 'ಯಾರನ್ನ ಕೇಳಿ ತೆಗೆದೆ? ಡಿಲೀಟ್ ಮಾಡೋ' ಅಂತ ಯಾರಾದರೂ ಗದರಿದರೆ ಅವನು ಅಳಿಸಿಬಿಡ್ತಾನೆ. ಪೊಲೀಸರ ಕೆಲಸಕ್ಕೆ ಅಡ್ಡ ಬರಬಾರದು, ದೂರ ನಿಲ್ಲಬೇಕು, ನಿಜ. ಆದರೆ ಮೊಬೈಲ್ ಸಾಕ್ಷ್ಯ ಅಂತಾದರೆ ಅದನ್ನು ಕಾನೂನು ಪ್ರಕಾರ ವಶಕ್ಕೆ ಪಡೆಯಲಿ, ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲಿ. ಸಾಕ್ಷ್ಯ ಅಳಿಸು ಅನ್ನೋದು ಯಾವ ತನಿಖೆ?

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಶೋಧ, ಜಪ್ತಿ ಮಾಡುವಾಗ ಪೊಲೀಸರೇ ವಿಡಿಯೋ ಮಾಡಬೇಕು, ಮೊಬೈಲ್‌ನಲ್ಲಾದರೂ ಸರಿ ಅಂತ ಅದರ 105ನೇ ಸೆಕ್ಷನ್ ಹೇಳುತ್ತೆ. ಪೊಲೀಸರ ಕೈಯಲ್ಲಿರೋ ಮೊಬೈಲ್ ಸಾಕ್ಷ್ಯ, ನಮ್ಮ ಕೈಯಲ್ಲಿರೋದು ಅಪರಾಧ ಅಂದ್ರೆ ಒಪ್ಪೋಕಾಗುತ್ತಾ?