ದೋಣಿಗೆ 18 ತಿಂಗಳು, ದೋಣಿಯವರಿಗೆ 90 ದಿನ

1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಹಳ್ಳಿಯಲ್ಲಿ ಐದು ದೇಶದವರು ಗಡಿ ತಪಾಸಣೆ ಸಡಿಲಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದು ಮೊಸೆಲ್ ನದಿಯ ಹಡಗೊಂದರಲ್ಲಿ ಕೂತು. ಅದರಿಂದ ಬೆಳೆದ ನಿಯಮ ಇವತ್ತು ದೋಣಿವಾಸಿಗಳಿಗೇ ಬಿಗಿ, ನೋಡಿ. ಐರೋಪ್ಯ ಒಕ್ಕೂಟದ ಹೊರಗಿನವರ ಯಾಟ್ ಅಲ್ಲಿ ಸುಂಕವಿಲ್ಲದೆ 18 ತಿಂಗಳು ನಿಲ್ಲಬಹುದು. ಅದರೊಳಗೆ ಮಲಗುವ ಯಜಮಾನನಿಗೆ 180 ದಿನದಲ್ಲಿ 90 ದಿನವಷ್ಟೇ. ಪ್ರವೇಶ ದಾಖಲಾದ ಮೇಲೆ, ರಾತ್ರಿ ಸ್ವಂತ ದೋಣಿಯಲ್ಲೇ ಕಳೆದರೂ ಎಣಿಕೆ ನಿಲ್ಲೋದಿಲ್ಲ.

ಬ್ರೆಕ್ಸಿಟ್ ಆಗಿ, 2021ರ ಜನವರಿ 1ರಿಂದ ಈ ಮಿತಿ ಬ್ರಿಟಿಷರಿಗೂ ಬಂತು. ಗ್ರೀಸಿನಲ್ಲಿ ಕಟ್ಟಿದ್ದ ದೋಣಿ ಕದಲಿರಲಿಲ್ಲ, ಗಡಿ ಕದಲಿತ್ತು. ಕಾಸರಗೋಡಿನವನಾದ ನನಗೆ 1956 ನೆನಪಾಗದೆ ಇರುತ್ತದೆಯೇ? ಆದರೆ ನಮ್ಮವರನ್ನು ಯಾರೂ ವೀಸಾ ಕೇಳಲಿಲ್ಲ. ಹೋಲಿಕೆ ಅಲ್ಲಿಗೇ ಸಾಕು. ವಾಸದ ಪರವಾನಗಿ ಇಲ್ಲದ ಎಷ್ಟೋ ದೋಣಿಯವರು 90 ದಿನ ತುಂಬುವ ಮೊದಲೇ ಟರ್ಕಿಗೆ ದಾಟಿ, ದಿನ ಎಣಿಸುತ್ತಾ ಕಾಯುತ್ತಾರೆ.