ಬಿಚ್ಚಿದ ಪಿಸ್ತೂಲು ಮತ್ತೆ ಕೂಡಬೇಕಲ್ಲ!

ಪಶ್ಚಿಮ ಘಟ್ಟದ ಬುಡದಲ್ಲಿರುವ ಅಮಾಸೆಬೈಲಿನಲ್ಲಿ ಮಳೆಗಾಲವೆಂದರೆ ಕಬ್ಬಿಣಕ್ಕೆ ಕಷ್ಟಕಾಲ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ತೇವ ಕೆಳಗಿನ ಊರುಗಳನ್ನೂ ಬಿಡುವುದಿಲ್ಲ. ಕತ್ತಿ, ಹಾರೆ, ಬಾಗಿಲ ಚಿಲಕ ಎಲ್ಲಕ್ಕೂ ತುಕ್ಕು. ಹಂದಿ, ಮಂಗಗಳಿಂದ ತೋಟ ಕಾಯಲೆಂದು ಪರವಾನಗಿ ಪಡೆದ ಕೋವಿಯೊಂದು ಮನೆಯಲ್ಲಿದ್ದರೆ ಅದನ್ನು ಸ್ವಚ್ಛವಾಗಿಡುವುದೇ ಒಂದು ಕೃಷಿ ಕೆಲಸ.

ಕೋವಿಯ ಪುಣ್ಯವೆಂದರೆ ಅದನ್ನು ಬಿಚ್ಚುವುದು ಸುಲಭ. ನಡುವಿನಲ್ಲಿ ಮುರಿದು ತೋಟೆ ತುಂಬುವ ಕೋವಿಯನ್ನು ಬಿಚ್ಚಿದರೆ ಮೂರೇ ಭಾಗ: ನಳಿಗೆ, ಅದರ ಕೆಳಗಿನ ಮರದ ತುಂಡು, ಹಿಂಬದಿಯ ಹಿಡಿ. ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ತುದಿಯಿಂದ ನೋಡಿದರೆ ಒಳಗೆ ಎಲ್ಲಿ ಕೊಳೆ ಕುಳಿತಿದೆಯೆಂದು ಕಾಣುತ್ತದೆ. ಅದಕ್ಕೂ ಹಿಂದಿನ ಕೇಪಿನ ಕೋವಿಗೆ ಇಷ್ಟೂ ಬೇಕಿರಲಿಲ್ಲ. ಬಿಸಿನೀರು, ಬಟ್ಟೆ ಸುತ್ತಿದ ಗಜ, ಕೊನೆಗೆ ಒಂದಿಷ್ಟು ಎಣ್ಣೆ ಇದ್ದರೆ ಸಾಕು.

ಪಿಸ್ತೂಲಿನ ಕತೆ ಹಾಗಲ್ಲ. ಅಂಗೈಯಗಲದ ಜಾಗದಲ್ಲಿ ನಳಿಗೆ, ಗುಂಡಿನ ಸಾಲು, ಕುದುರೆ, ಸ್ಪ್ರಿಂಗು, ಸುರಕ್ಷತೆಯ ಕೀಲು ಎಲ್ಲವೂ ಒಂದರ ಮೈಮೇಲೆ ಇನ್ನೊಂದು ಕುಳಿತಿರುತ್ತವೆ. ಗೋಡೆ ಗಡಿಯಾರವನ್ನು ಬಿಚ್ಚಿದ ಹುಡುಗನಿಗೆ ಆಗುವ ಅನುಭವವೇ ಇಲ್ಲಿಯೂ. ಬಿಚ್ಚುವಾಗ ಎಲ್ಲ ಸರಳ, ಕೂಡಿಸುವಾಗ ಒಂದು ತುಂಡು ಹೆಚ್ಚಿಗೆ ಉಳಿಯುತ್ತದೆ. ಈ ಭಯದಿಂದಲೇ ಅನೇಕರು ಪಿಸ್ತೂಲನ್ನು ಬಿಚ್ಚುವುದೇ ಇಲ್ಲ. ಬಿಚ್ಚದ ಪಿಸ್ತೂಲು ಒಳಗೊಳಗೇ ಕೆಡುತ್ತದೆ. ಆಯುಧ ತಯಾರಕರು ಒಂದು ಶತಮಾನಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡ ಸಮಸ್ಯೆ ಇದು.

ಅಷ್ಟಕ್ಕೂ ಸ್ವಚ್ಛಗೊಳಿಸುವ ಅಗತ್ಯವಾದರೂ ಏನು? ಹಳೆಯ ಕರಿಮದ್ದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕದ ಮಿಶ್ರಣ. ಅದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂದ ಮೇಲೆ ಮಸಿ ಕಡಿಮೆಯಾಯಿತು, ತುಕ್ಕು ಕಡಿಮೆಯಾಗಲಿಲ್ಲ. ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದಾಗ ಅಡುಗೆ ಉಪ್ಪಿನ ಅಣ್ಣತಮ್ಮನಂಥ ಒಂದು ಲವಣ ನಳಿಗೆಯೊಳಗೆ ಅಂಟಿಕೊಳ್ಳುತ್ತಿತ್ತು. ಆಷಾಢದಲ್ಲಿ ಉಪ್ಪಿನ ಮರಿಗೆ ನೀರೊಡೆಯುವುದನ್ನು ಕರಾವಳಿಯವರು ಕಂಡೇ ಇದ್ದಾರೆ. ನಳಿಗೆಯೊಳಗೆ ನಡೆಯುತ್ತಿದ್ದುದೂ ಅದೇ. ಈ ಲವಣ ಎಣ್ಣೆಗೆ ಕರಗದು, ನೀರಿಗೆ ಮಾತ್ರ ಕರಗುತ್ತದೆ. ಗುಂಡು ಹಾರಿಸಿದ ದಿನವೇ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯದಿದ್ದರೆ ಮರುದಿನ ಕೆಂಪು ಬಣ್ಣ. ಈ ದೋಷವಿಲ್ಲದ ಕೇಪುಗಳು ಜರ್ಮನಿಯಲ್ಲಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಅಂದರೆ 1890ರ ದಶಕದಲ್ಲಿ ಪಿಸ್ತೂಲು ಕೊಂಡವನು ಅದನ್ನು ಬಿಚ್ಚಲು ಕಲಿಯಲೇಬೇಕಿತ್ತು. ಆ ಕಾಲದ ಅತ್ಯಂತ ಹೆಸರುವಾಸಿ ಪಿಸ್ತೂಲೇ ಬಿಚ್ಚುವವರಿಗೆ ಒಗಟಾದದ್ದು ವಿಚಿತ್ರ. ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯಲ್ಲಿ ಫೀಡರ್ಲೆ ಸೋದರರು ರೂಪಿಸಿದ ಇದು 1896ರಲ್ಲಿ ಹೊರಬಂತು. ಹಿಡಿ ಪೊರಕೆಯ ಹಿಡಿಯಂತೆ ದುಂಡಗಿದ್ದುದರಿಂದ ಅದಕ್ಕೆ ಆ ಅಡ್ಡಹೆಸರೂ ಬಂತು. ಮೇಲಿನಿಂದ ಹತ್ತು ಗುಂಡು ತುಂಬಬಹುದಿತ್ತು. ಅದರ ಮರದ ಪೆಟ್ಟಿಗೆಯನ್ನೇ ಹಿಂದಕ್ಕೆ ಸಿಕ್ಕಿಸಿದರೆ ಪುಟ್ಟ ಬಂದೂಕಾಗುತ್ತಿತ್ತು. ಹಿಡಿಯ ಮರ ಕೂರಿಸುವ ಒಂದು ಸ್ಕ್ರೂ ಬಿಟ್ಟರೆ ಇಡೀ ಯಂತ್ರದಲ್ಲಿ ಮತ್ತೊಂದು ಸ್ಕ್ರೂ ಇಲ್ಲ! ಪ್ರತಿ ತುಂಡೂ ಪಕ್ಕದ ತುಂಡನ್ನು ಹಿಡಿದು ನಿಲ್ಲಿಸುತ್ತದೆ. ನುರಿತ ಬಡಗಿ ಮೊಳೆಯಿಲ್ಲದೆ ಕೂಡಿಸಿದ ಮಂಟಪದಂಥ ಚಂದ ಅದು. ಆದರೆ ಬಿಚ್ಚಿದ ಕ್ರಮಕ್ಕೆ ಸರಿಯಾಗಿ ತಿರುಗಿ ಜೋಡಿಸದಿದ್ದರೆ ಕೊನೆಯ ತುಂಡಿಗೆ ಜಾಗವೇ ಸಿಗದು.

ಈ ಪಿಸ್ತೂಲಿಗೆ ಬೆಂಗಳೂರಿನ ನಂಟೂ ಉಂಟು. 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದ ನಾಲ್ಕನೇ ಹುಸಾರ್ಸ್ ಪಡೆಯ ಕಿರಿಯ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗಲೇ ಭುಜ ಉಳುಕಿಸಿಕೊಂಡಿದ್ದ. ಆ ಭುಜ ಮತ್ತೆ ಪೂರ್ಣ ಸರಿಯಾಗಲಿಲ್ಲ. ಸುಡಾನಿನ ಓಮ್‌ಡರ್ಮನ್‌ನಲ್ಲಿ 1898ರ ಸೆಪ್ಟೆಂಬರ್ 2ರಂದು ಕುದುರೆ ದಾಳಿಗೆ ಹೊರಟಾಗ ಕತ್ತಿ ಬೀಸುವ ಬದಲು ಅವನು ಹಿಡಿದದ್ದು ಮೌಸರ್ ಪಿಸ್ತೂಲು. ಬದುಕಿ ಉಳಿಯಲು ಅದು ನೆರವಾಯಿತೆಂದು ಅವನೇ ಬರೆದುಕೊಂಡಿದ್ದಾನೆ. (ಬೆಂಗಳೂರು ಕ್ಲಬ್ಬಿಗೆ ಅವನು ಉಳಿಸಿಹೋದ 13 ರೂಪಾಯಿ ಬಾಕಿ ಇಂದಿಗೂ ಅಲ್ಲಿನ ಲೆಕ್ಕದ ಪುಸ್ತಕದಲ್ಲಿದೆ.)

ಸಾಮ್ರಾಜ್ಯದ ಅಧಿಕಾರಿಗೆ ಒದಗಿದ ಅದೇ ಪಿಸ್ತೂಲು ಮುಂದೆ ಸಾಮ್ರಾಜ್ಯದ ವಿರುದ್ಧ ತಿರುಗಿತು. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೊಡ್ಡಾ ಕಂಪೆನಿಗೆ ಬಂದ 202 ಪೆಟ್ಟಿಗೆಗಳಲ್ಲಿ 192 ಮಾತ್ರ ಗೋದಾಮು ಸೇರಿದವು. ಉಳಿದ ಹತ್ತು ಕ್ರಾಂತಿಕಾರಿಗಳ ಕೈ ಸೇರಿದವು. ಅವುಗಳಲ್ಲಿದ್ದುದು 50 ಮೌಸರ್ ಪಿಸ್ತೂಲು, 46,000 ಗುಂಡು. ಪೆಟ್ಟಿಗೆಗಳನ್ನು ಬಿಡಿಸಿ ತರಲು ಹೋಗಿದ್ದ ಕಂಪೆನಿಯ ಗುಮಾಸ್ತ ಶ್ರೀಶಚಂದ್ರ ಮಿತ್ರ ಆಮೇಲೆ ಕಾಣಲಿಲ್ಲ. ಈ ಪಿಸ್ತೂಲುಗಳು 54 ಪ್ರಕರಣಗಳಲ್ಲಿ ಬಳಕೆಯಾದವೆಂದೂ, 50ರಲ್ಲಿ 31 ಮಾತ್ರ ಮರಳಿ ಸಿಕ್ಕವೆಂದೂ 1918ರ ರೌಲಟ್ ಸಮಿತಿಯ ವರದಿ ಹೇಳುತ್ತದೆ. 1915ರ ಸೆಪ್ಟೆಂಬರ್ 9ರಂದು ಒರಿಸ್ಸಾದ ಬಾಲಸೋರ್ ಬಳಿ ಬಾಘಾ ಜತಿನ್ ಮತ್ತು ನಾಲ್ವರು ಸಂಗಾತಿಗಳು ಪೊಲೀಸರನ್ನು ಎದುರಿಸಿದ್ದೂ ಮೌಸರ್ ಹಿಡಿದೇ. ಮಳೆಗಾಲದ ಬಂಗಾಳ, ಕದ್ದುಮುಚ್ಚಿದ ಮನೆ, ಉಪ್ಪು ಉಗುಳುವ ಗುಂಡು, ಬಿಚ್ಚಿದರೆ ಒಗಟಾಗುವ ಯಂತ್ರ. ಚರ್ಚಿಲ್‌ಗೆ ಪಿಸ್ತೂಲು ತೊಳೆದುಕೊಡಲು ಸೇವಕರಿದ್ದರು, ದಂಡಿನಲ್ಲಿ ಆಯುಧ ರಿಪೇರಿಯವನಿದ್ದ. ಭೂಗತ ಹುಡುಗನೊಬ್ಬನಿಗೆ ತುಂಡೊಂದು ಕಳೆದರೆ ಬದಲಿ ಸಿಗುವ ಅಂಗಡಿ ಯಾವುದೂ ಇರಲಿಲ್ಲ. ಕ್ರಾಂತಿಯ ಕತೆಗಳಲ್ಲಿ ಗುಂಡು ಹಾರಿಸಿದ್ದು ಬರುತ್ತದೆ, ರಾತ್ರಿ ಕುಳಿತು ಪಿಸ್ತೂಲು ತಿಕ್ಕಿದ್ದು ಬರುವುದಿಲ್ಲ.

ಒಗಟನ್ನು ಬಿಡಿಸಿದ ಕೀರ್ತಿ ಹೆಚ್ಚಾಗಿ ಅಮೆರಿಕದ ಜಾನ್ ಬ್ರೌನಿಂಗ್‌ಗೆ ಸೇರಬೇಕು. ಅವನ ಕೋಲ್ಟ್ ಪಿಸ್ತೂಲು 1911ರ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿತು. ಕಾದಾಗ ನೀರಿನಲ್ಲಿ ಅದ್ದಿ ಮುಂದುವರಿಸಿದರಂತೆ. ಸೈನಿಕ ಅದನ್ನು ಯಾವ ಉಪಕರಣವೂ ಇಲ್ಲದೆ ಬಿಚ್ಚಬಹುದಿತ್ತು. ಹಾಗೆಂದು ಅದೂ ಪೂರ್ತಿ ಸಾಧು ಅಲ್ಲ. ಅಜಾಗರೂಕತೆಯಿಂದ ಬಿಚ್ಚಿದರೆ ಸ್ಪ್ರಿಂಗಿನ ಮುಚ್ಚಳ ಚಾವಣಿಗೆ ಹಾರುತ್ತದೆ.

ಬ್ರೌನಿಂಗ್ ದಾರಿ ತೋರಿದ ಮೇಲೂ ಹಳೆಯ ತಪ್ಪು ಮರುಕಳಿಸಿತು. 1949ರಲ್ಲಿ ಅಮೆರಿಕದ ರೂಗರ್ ಕಂಪೆನಿ .22 ಅಳತೆಯ ಅಗ್ಗದ ಪಿಸ್ತೂಲೊಂದನ್ನು ಮಾರುಕಟ್ಟೆಗೆ ತಂದಿತು. ಗುರಿ ನಿಖರ, ಬಾಳಿಕೆ ಅಪಾರ. ಆದರೆ ಬಿಚ್ಚಿ ಕೂಡಿಸುವಾಗ ಕುದುರೆಗೆ ಅಂಟಿದ ಒಂದು ಸಣ್ಣ ಕಡ್ಡಿ ಕಣ್ಣಿಗೆ ಕಾಣದ ಜಾಗದಲ್ಲಿ ಸರಿಯಾಗಿ ಕೂರಬೇಕು. ಕೂರದಿದ್ದರೆ ಪಿಸ್ತೂಲು ಮುಚ್ಚಿಕೊಳ್ಳುವುದೇ ಇಲ್ಲ. ಅದನ್ನು ಕೂರಿಸಲು ಪಿಸ್ತೂಲನ್ನು ಮೇಲಕ್ಕೂ ಕೆಳಕ್ಕೂ ವಾಲಿಸುತ್ತ ಬೇಸತ್ತವರು ಲೆಕ್ಕವಿಲ್ಲ. ಗುಂಡಿ ಒಂದನ್ನು ಒತ್ತಿದರೆ ತೆರೆದುಕೊಳ್ಳುವ ಮಾದರಿಯನ್ನು ಅದೇ ಕಂಪೆನಿ ತಂದದ್ದು 2016ರಲ್ಲಿ, ಅಂದರೆ 67 ವರ್ಷಗಳ ನಂತರ! ಮಾಲು ಚೆನ್ನಾಗಿ ಮಾರಾಟವಾಗುತ್ತಿದ್ದರೆ ಕೊಂಡವನ ಪರದಾಟ ಕಾರ್ಖಾನೆಗೆ ಬೇಗ ಕೇಳಿಸುವುದಿಲ್ಲ.

ಇತ್ತ ಅಮಾಸೆಬೈಲಿನಂಥ ಊರುಗಳಲ್ಲಿ ಆಯುಧ ತುಕ್ಕು ಹಿಡಿಯಲು ಮಳೆಯೊಂದೇ ಕಾರಣವಲ್ಲ, ಚುನಾವಣೆಯೂ ಉಂಟು. ಮತದಾನ ಘೋಷಣೆಯಾದ ಕೂಡಲೇ ಪರವಾನಗಿ ಆಯುಧಗಳನ್ನು ಠಾಣೆಗೆ ಒಪ್ಪಿಸಲು ಜಿಲ್ಲಾಡಳಿತಗಳು ಸೂಚಿಸುವುದು ರೂಢಿ. ಎಲ್ಲರಿಂದಲೂ ಸಾರಾಸಗಟಾಗಿ ಕೇಳುವುದು ಸರಿಯಲ್ಲ, ಒಂದೊಂದು ಪ್ರಕರಣವನ್ನೂ ಸಮಿತಿ ಪರಿಶೀಲಿಸಬೇಕು ಎಂದು ಬಾಂಬೆ ಹೈಕೋರ್ಟ್ 2009ರಲ್ಲಿ ಹೇಳಿದೆ. ಹಂದಿಗೆ ಇದೆಲ್ಲ ತಿಳಿಯದು. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಂದು ಆರಂಭವಾಯಿತು. ಕರಾವಳಿಯ ಹಲವೆಡೆ ಏಪ್ರಿಲ್ 26ಕ್ಕೇ ಮತದಾನ ಮುಗಿದರೂ ಸಂಹಿತೆ ತೆರವಾದದ್ದು ಜೂನ್ 6ರಂದು, ಮುಂಗಾರಿನ ಹೊತ್ತಿಗೆ. ಸುಮಾರು ಹನ್ನೆರಡು ವಾರ ಕೈಯಾಡಿಸದ ಕಬ್ಬಿಣ ಏನಾಗುತ್ತದೆಂದು ಘಟ್ಟದ ಕೆಳಗಿನವರಿಗೆ ಹೇಳಿಕೊಡಬೇಕಿಲ್ಲ.

ಹಿಂದಿರುಗಿ ಬಂದ ತೋಟೆ ಕೋವಿಯನ್ನು ಜಗಲಿಯಲ್ಲಿ ಮೂರು ಭಾಗ ಮಾಡಿ ಒಂದು ಸಂಜೆಯಲ್ಲಿ ಸರಿಪಡಿಸಬಹುದು. ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಂಡವರ ಪಾಡು ಬೇರೆ. ಊರಿನ ಕಮ್ಮಾರನ ಬಳಿ ಒಯ್ಯುವಂತಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧ ದುರಸ್ತಿ ಮಾಡುವವನಿಗೂ ಪರವಾನಗಿ ಬೇಕು. ಬಿಚ್ಚಿ, ಕೂಡಿಸಲಾಗದೆ, ತುಂಡುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಪೇಟೆಗೆ ಬಸ್ಸು ಹತ್ತಿದರೂ ಪರವಾನಗಿ ಪುಸ್ತಕ ಜೊತೆಗಿರಬೇಕು. ಅದೇ ಕಾಯ್ದೆಯ ಅರ್ಥವಿವರಣೆಯಂತೆ ಆಯುಧದ ಬಿಡಿಭಾಗಗಳೂ ಆಯುಧವೇ.