ತುರುಗೋಳ್ ಕಲ್ಲು ಮತ್ತು ಕೊಟ್ಟಿಗೆಯ ಕಡಸು

ಶಿಕಾರಿಪುರ, ಸೊರಬ ಸೀಮೆಯ ಊರುಗಳಲ್ಲಿ ವೀರಗಲ್ಲು ಹುಡುಕಿಕೊಂಡು ಹೋಗಬೇಕಿಲ್ಲ. ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಕೆಲವೊಮ್ಮೆ ಹಿತ್ತಲಿನಲ್ಲೇ ನಿಂತಿರುತ್ತವೆ. ಬಿ.ಎಲ್. ರೈಸ್ 1902ರಲ್ಲಿ ಶಿಕಾರಿಪುರದ, 1904ರಲ್ಲಿ ಸೊರಬದ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ನನ್ನ ಪಿಎಚ್‌.ಡಿ. ಕೆಲಸಕ್ಕೆ ಈ ಎರಡೂ ಸಂಪುಟಗಳೇ ಆಧಾರ. ನಾನು ಹುಡುಕುತ್ತಿರುವುದು ತುರುಗೋಳ್ ಕಲ್ಲುಗಳನ್ನು, ಅಂದರೆ ದನಗಳನ್ನು ಹೊಡೆದುಕೊಂಡು ಹೋದವರೊಡನೆ ಕಾದಿ ಸತ್ತವರ ಕಲ್ಲುಗಳನ್ನು.

ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಮತ್ತು ದನಗಳು, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಇದನ್ನೆಲ್ಲ ನಾನು ಬಹಳ ಕಾಲ ಶೌರ್ಯದ ಚಿತ್ರವೆಂದೇ ಓದಿದೆ. ನಾಲ್ಕು ದನಕ್ಕಾಗಿ ಒಬ್ಬ ಮನುಷ್ಯ ಯಾಕೆ ಸಾಯಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸೊರಬದ ಕಡೆಯ ನಮ್ಮ ದೊಡ್ಡಪ್ಪನ ಕೊಟ್ಟಿಗೆಯಲ್ಲಿ.

ದೊಡ್ಡಪ್ಪನ ಮಲೆನಾಡು ಗಿಡ್ಡ ಕಡಸು ಎರಡು ಸಲ ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಂತಿರಲಿಲ್ಲ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಒಂದು ದಿನವೂ ಪೂರ್ತಿ ಇರುವುದಿಲ್ಲ. ರಾತ್ರಿ ಬಂದು ಹೋದರೆ ಯಾರಿಗೂ ಗೊತ್ತಾಗದು. “ಹೋರಿ ಬಿಡಬಹುದಿತ್ತಲ್ಲ ದೊಡ್ಡಪ್ಪ” ಎಂದೆ. “ಊರಾಗ ಹೋರಿ ಎಲ್ಲೈತೋ ತಮ್ಮಾ? ಇರೋವು ಕೊಬ್ರಿ ಹೋರಿ. ಅವನ್ನ ಹಸುವಿಗೆ ಬಿಟ್ರೆ ಕಸುವು ಹೋಗ್ತತಿ ಅಂತಾರ” ಎಂದರು. ದೀಪಾವಳಿಯ ನಂತರ ಕೊಬ್ಬರಿ ಹಾರ ಹಾಕಿಸಿಕೊಂಡು ಜನರ ನಡುವೆ ಓಡುವ ಹೋರಿಗಳ ಮಾತು ಅದು.

ಆ ರಾತ್ರಿ ಲೆಕ್ಕ ಹಾಕಿದೆ. ಹೈಡ್ರಾದಂಥ ಜೀವಿ ತನ್ನ ಮೈಯಲ್ಲೇ ಮೊಗ್ಗೊಡೆದು ಮರಿ ಮಾಡುತ್ತದೆ, ಜೊತೆ ಬೇಕಿಲ್ಲ. ಹಸುವಿಗೆ ಆ ದಾರಿ ಇಲ್ಲ. ಹೋರಿ ಸೇರಬೇಕು, ಒಂಬತ್ತು ತಿಂಗಳಿಗೂ ಮೀರಿ ಹೊರಬೇಕು, ಸಾಮಾನ್ಯವಾಗಿ ಒಂದೇ ಕರು. ಅದರಲ್ಲಿ ಅರ್ಧ ಗಂಡು. ಹೆಣ್ಣಾದರೂ ಅದು ಕರು ಹಾಕಲು ಮತ್ತೆ ಮೂರು-ನಾಲ್ಕು ವರ್ಷ. ಇಪ್ಪತ್ತು ಹಸು ಕಳೆದುಕೊಂಡು ನಾಲ್ಕು ಉಳಿಸಿಕೊಂಡ ಊರು ಮೊದಲಿನ ಸ್ಥಿತಿಗೆ ಬರಲು ಹತ್ತಿರ ಹತ್ತು ವರ್ಷ ಬೇಕು. ಹೋರಿಯನ್ನು ಪಕ್ಕದ ಊರಿನಿಂದ ಎರವಲು ತರಬಹುದು, ಬಸಿರನ್ನು ತರಲಾಗದು. ಕಲ್ಲಿನ ವೀರ ಕಾದದ್ದು ಇನ್ನೂ ಹುಟ್ಟದ ಕರುಗಳಿಗಾಗಿ.

ಅರಸರಿಗೂ ಇದು ಗೊತ್ತಿತ್ತು. ಮೈಸೂರಿನ ಒಡೆಯರ ‘ಬೆಣ್ಣೆ ಚಾವಡಿ’ಯ ದನಗಳಿಗೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಫಿರಂಗಿ ಎಳೆಯಲು ಅವು ಬೇಕಿದ್ದವು. ಬ್ರಿಟಿಷರು ಖರ್ಚು ಉಳಿಸಲು 1860ರಲ್ಲಿ ಆ ಮಂದೆಯನ್ನು ಚದುರಿಸಿದರು, ಎತ್ತು ಸಾಲದಾದಾಗ 1866ರಲ್ಲಿ ಮತ್ತೆ ಕಟ್ಟತೊಡಗಿದರು. ಹಣ ಉಳಿಸಲು ಒಂದು ಆದೇಶ ಸಾಕಾಯಿತು, ತಳಿ ಕೂಡಿಸಲು ಹಸುಗಳ ಬಸಿರಿಗೇ ಕಾಯಬೇಕಾಯಿತು.

ಹೋರಿಯ ಜಾಗ ಬದಲಾದದ್ದು ಆಮೇಲೆ. 1939ರಲ್ಲಿ ಮೈಸೂರಿನ ಅರಮನೆಯ ಹೈನು ಕೇಂದ್ರದಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೈನ್ ಫ್ರೀಜಿಯನ್ ಹೋರಿಯ ವೀರ್ಯ ಸೇರಿಸಿದ ಪ್ರಯತ್ನವನ್ನು ಭಾರತದ ಕೃತಕ ಗರ್ಭಧಾರಣೆಯ ಆರಂಭವೆಂದು ಗುರುತಿಸುತ್ತಾರೆ. ಈಗ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕುಳಿತ ಸಣ್ಣ ನಳಿಕೆ ಬೈಕಿನಲ್ಲಿ ಮನೆಬಾಗಿಲಿಗೆ ಬರುತ್ತದೆ. ಹಾಲು ಹೆಚ್ಚಿತು, ಹಳ್ಳಿಯ ಹೆಂಗಸರ ಕೈಗೆ ಡೇರಿಯ ಬಟವಾಡೆ ಬಂತು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ದೇವರ ಹೆಸರಿನಲ್ಲಿ ಬಿಟ್ಟ ಬಸವ, ಊರ ಹೋರಿ ಕಾಣೆಯಾದವು. ಒಂದೇ ಹೋರಿ ಸಾವಿರಾರು ಕರುಗಳಿಗೆ ಅಪ್ಪನಾದಾಗ ತಳಿಯ ವೈವಿಧ್ಯ ಕುಗ್ಗುತ್ತದೆ. ಮಳೆ, ಗುಡ್ಡ, ಒಣಹುಲ್ಲಿಗೆ ಒಗ್ಗಿದ ಗಿಡ್ಡದ ರಕ್ತ ಸದ್ದಿಲ್ಲದೆ ತೆಳುವಾಗುತ್ತದೆ. ಈ ತುರುಗೋಳಿಗೆ ಕಳ್ಳರಿಲ್ಲ, ಆದ್ದರಿಂದ ಕಲ್ಲೂ ಇಲ್ಲ.

ಮೂರನೆಯ ಬೆದೆಗೆ ದೊಡ್ಡಪ್ಪ ಇಂಜೆಕ್ಷನ್ ಮಾಡಿಸಲಿಲ್ಲ. ಮೂರು ಊರು ದಾಟಿ, ಒಂದು ಮನೆಯಲ್ಲಿ ಉಳಿದಿದ್ದ ಗಿಡ್ಡ ಹೋರಿಯ ಬಳಿಗೆ ಕಡಸನ್ನು ನಡೆಸಿಕೊಂಡು ಹೋದರು. ಹಗ್ಗದ ಹಿಂದೆ ನಾನೂ ನಡೆದೆ. ದಾರಿಯ ಕೆರೆ ಏರಿಯಲ್ಲಿ ಒಂದು ವೀರಗಲ್ಲಿತ್ತು. ಕಡಸು ಅದಕ್ಕೆ ಮೈ ಉಜ್ಜಿ, ಒಂದು ಗಳಿಗೆ ನಿಂತು, ಮುಂದೆ ಹೊರಟಿತು.